*ಬಿಟ್ಟ ಮೇಲೆ ಮಿತವಾಗಿ ಕುಡಿಯಬಹುದೇ?*

🪷 *ದಿನದ ಧಮ್ಮ ಚಿಂತನೆ* 🪷
ವಿಷಯ: ಐದನೆಯ ಶೀಲ





ಹೋದ ಭಾನುವಾರ ವಂದನೆ ಮುಗಿದು ಎಲ್ಲರೂ ಚಾಪೆ ಸುತ್ತುತ್ತಿದ್ದಾಗ ನಮ್ಮ ಬಳಗದ ಒಬ್ಬ ತಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ಅಣ್ಣಾ, ನಾನು ಕುಡಿಯೋದು ಬಿಟ್ಟು ಒಂದು ವರ್ಷ ಆಯ್ತು. ಈಗ ನನ್ನ ಮೇಲೆ ನನಗೆ ಹಿಡಿತ ಬಂದಿದೆ. ಮುಂದಿನ ತಿಂಗಳು ಭಾವನ ಮದುವೆ. ಒಂದು ಬಿಯರ್ ತಗೊಂಡ್ರೆ ತಪ್ಪಾ? ಬುದ್ಧರು ಹೇಳಿದ್ದು ಮಧ್ಯಮ ಮಾರ್ಗ ತಾನೇ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಯನ್ನು ಒಂದು ಕಾಲದಲ್ಲಿ ನಾನೂ ಕೇಳಿಕೊಂಡವನು. ಆಗ ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಅದರ ಬೆಲೆ ತೆತ್ತದ್ದು ಮಾತ್ರ ನನ್ನ ಮಗಳು. ಆ ತಮ್ಮನಿಗೆ ಹೇಳಬೇಕಾದ ಮಾತು ಇನ್ನೂ ಕೆಲವರಿಗೆ ಬೇಕಾಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

*ನನ್ನ ಕಥೆ*

ನಾನು ಚಾಮರಾಜನಗರ ಜಿಲ್ಲೆಯ ಒಂದು ಊರಿನಲ್ಲಿ ನೀರುಗಂಟಿ. ಬೆಳಿಗ್ಗೆ ಐದಕ್ಕೆ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು ನನ್ನ ಕೆಲಸ. ನಮ್ಮ ತಾತ ತಮಟೆ ಬಡಿಯುತ್ತಿದ್ದರು. ಹಬ್ಬಕ್ಕೂ ಸಾವಿಗೂ ಕರೆ ಬರುತ್ತಿತ್ತು. ಕೂಲಿಯಲ್ಲಿ ಅರ್ಧ ಕಾಸು, ಅರ್ಧ ಸಾರಾಯಿ. ಹಟ್ಟಿಯವರು ಕುಡಿದಿದ್ದರೆ ಚೆನ್ನಾಗಿ ಬಡಿಯುತ್ತಾರೆ ಎಂದು ಕೊಡುವವರೇ ಹೇಳುತ್ತಿದ್ದರು. ಮಾರನೆಯ ದಿನ ಅದೇ ಬಾಯಲ್ಲಿ "ಆ ಜನ ಕುಡುಕರು" ಎನ್ನುತ್ತಿದ್ದರು.

ನಾನು ಹತ್ತೊಂಬತ್ತನೇ ವಯಸ್ಸಿಗೆ ಸಾರಾಯಿ ಪ್ಯಾಕೆಟ್ ಹಲ್ಲಲ್ಲಿ ಹರಿದವನು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ನನ್ನ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಹೋಗಿ ತೊಂಬತ್ತರ ಅಳತೆ ಬಂತು ಅಷ್ಟೇ. 2014ರ ಅಕ್ಟೋಬರಿನಲ್ಲಿ ಧಮ್ಮ ದೀಕ್ಷೆ ತೆಗೆದುಕೊಂಡೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಕೊಟ್ಟ 22 ಪ್ರತಿಜ್ಞೆಗಳನ್ನು ನಾನೂ ಹೇಳಿದೆ. ಮದ್ಯ ಮುಟ್ಟುವುದಿಲ್ಲ ಎಂಬ ಹದಿನೇಳನೆಯದು ಬಂದಾಗ ದನಿ ತಗ್ಗಿಸಿದೆ. ಅಂದು ಸಂಜೆಯೂ ಕುಡಿದೆ.

2015ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ವಾಲ್ವ್ ಹಿಡಿಯಲಾರದಷ್ಟು ಕೈ ನಡುಗಿತು. ಆಸ್ಪತ್ರೆಗೆ ಸೇರಿದೆ. ಮೊದಲ ಮೂರು ದಿನ ಬೆವರು, ನಡುಕ, ಗೋಡೆಯ ಮೇಲೆ ಇಲ್ಲದ ಹುಳ ಕಾಣುವುದು. ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು, ನಿದ್ದೆಗೆ ಮಾತ್ರೆ ಕೊಟ್ಟರು. ಹನ್ನೆರಡು ದಿನಕ್ಕೆ ಮನೆಗೆ ಬಂದೆ. ಅಲ್ಲಿಂದ ಹದಿನಾಲ್ಕು ತಿಂಗಳು ಒಂದು ಹನಿ ಮುಟ್ಟಲಿಲ್ಲ.

*ಮಿತದ ಲೆಕ್ಕ*

2016ರ ಏಪ್ರಿಲ್ 14. ಜಯಂತಿ ಮೆರವಣಿಗೆ ಚೆನ್ನಾಗಿ ನಡೆಯಿತು. ರಾತ್ರಿ ಶಾಮಿಯಾನ ಬಿಚ್ಚುವಾಗ ಗೆಳೆಯರು ಒಂದು ಬಿಯರ್ ಕೈಗಿಟ್ಟರು. "ನೀನೀಗ ಕುಡುಕ ಅಲ್ಲವಲ್ಲ, ಒಂದರಲ್ಲಿ ಏನು?" ಎಂದರು. ಕುಡಿದೆ. ಏನೂ ಆಗಲಿಲ್ಲ. ಮನೆಗೆ ಹೋಗಿ ಮಲಗಿದೆ, ಬೆಳಿಗ್ಗೆ ಐದಕ್ಕೆ ಎದ್ದೆ. ಏನೂ ಆಗದೇ ಇದ್ದದ್ದೇ ನನಗೆ ಮೋಸವಾಯಿತು.

ನೀರು ಬಿಟ್ಟ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನಿಯಮ ಬರೆದುಕೊಂಡೆ: ಭಾನುವಾರ ಮಾತ್ರ, ಒಂದೇ ಬಿಯರ್. ಕುಡಿದ ದಿನಕ್ಕೆ ಒಂದು ಗೀಟು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಏಪ್ರಿಲ್‌ನಲ್ಲಿ 2 ಗೀಟು, ಮೇನಲ್ಲಿ 5, ಜೂನ್‌ನಲ್ಲಿ 11, ಜುಲೈನಲ್ಲಿ 19. ಆಗಸ್ಟ್‌ನಲ್ಲಿ ಗೀಟು ಎಳೆಯುವುದನ್ನೇ ಬಿಟ್ಟಿದ್ದೇನೆ.

ಒಂದು ನಿಯಮವನ್ನೂ ನಾನು ಕಾರಣವಿಲ್ಲದೆ ಮುರಿಯಲಿಲ್ಲ. ಮಳೆ ಬಂತು, ನೆಂಟರು ಬಂದರು, ಸಂಬಳ ಬಂತು, ಸಂಬಳ ಬರಲಿಲ್ಲ. ಬಿಯರ್ ದುಬಾರಿ ಎಂದು ತೊಂಬತ್ತಕ್ಕೆ ಇಳಿದೆ. ಅದನ್ನೂ ಉಳಿತಾಯ ಎಂದೇ ಬರೆದುಕೊಂಡಿದ್ದೇನೆ!

ಸೆಪ್ಟೆಂಬರಿನ ಒಂದು ದಿನ ಎಚ್ಚರವಾದಾಗ ಏಳು ಗಂಟೆ. ಗಾಬರಿಯಿಂದ ಎದ್ದು ಟ್ಯಾಂಕಿನ ಕಡೆ ಓಡಲು ಹೊರಟೆ. ಹದಿಮೂರು ವರ್ಷದ ಮಗಳು ಹೊಸ್ತಿಲಲ್ಲಿ ಯೂನಿಫಾರಂ ಹಾಕಿಕೊಂಡು ಕೂತು ಕೈಯ ತುಕ್ಕು ಒರೆಸಿಕೊಳ್ಳುತ್ತಿದ್ದಳು. "ನೀರು ಬುಟ್ಬಂದೆ ಕಣಪ್ಪ, ನೀ ಮಲಕ್ಕೊ" ಎಂದಳು. ಕೇಳಿದರೆ ಅದು ಮೊದಲ ದಿನ ಅಲ್ಲ. ಎರಡು ವಾರದಿಂದ, ನಾನು ಏಳದ ದಿನವೆಲ್ಲ, ಕತ್ತಲಲ್ಲಿ ಒಬ್ಬಳೇ ಹೋಗಿ ವಾಲ್ವ್ ತಿರುಗಿಸಿ ಬರುತ್ತಿದ್ದಳು. ಅಪ್ಪನ ಕೆಲಸ ಹೋಗಬಾರದು ಅಂತ. ಅವರಮ್ಮನಿಗೆ ಗೊತ್ತಿತ್ತು. ಇಬ್ಬರೂ ನನ್ನನ್ನು ಒಂದು ಮಾತು ಅನ್ನಲಿಲ್ಲ.

ಆ ದಿನ ಮತ್ತೆ ಆಸ್ಪತ್ರೆಗೆ ಹೋದೆ. ಅಲ್ಲಿಂದ ಇವತ್ತಿನವರೆಗೆ, ಎಂಟು ವರ್ಷ ದಾಟಿತು, ಮುಟ್ಟಿಲ್ಲ.

*ಮಧ್ಯಮ ಮಾರ್ಗ ಅಂದರೆ ಅರ್ಧ ಅಲ್ಲ*

ಈಗ ತಮ್ಮನ ಪ್ರಶ್ನೆಗೆ ಬರೋಣ. ಬುದ್ಧರು ತಪ್ಪಿಸಿ ಎಂದ ಎರಡು ಅತಿಗಳು ಯಾವುವು? ಒಂದು, ಇಂದ್ರಿಯ ಸುಖದಲ್ಲೇ ಮುಳುಗುವುದು. ಇನ್ನೊಂದು, ದೇಹವನ್ನು ದಂಡಿಸುವುದು. ಇವೆರಡರ ನಡುವಿನ ದಾರಿ ಅಷ್ಟಾಂಗ ಮಾರ್ಗ. ಎಲ್ಲದರಲ್ಲೂ ಅರ್ಧರ್ಧ ಮಾಡಿ ಎಂಬ ಅರ್ಥ ಅದಕ್ಕಿಲ್ಲ. ಮಿತವಾಗಿ ಕಳ್ಳತನ ಮಾಡು, ಮಿತವಾಗಿ ಸುಳ್ಳು ಹೇಳು ಎಂದು ನಾಲ್ಕು ಶೀಲಗಳಲ್ಲಿ ಯಾರೂ ಕೇಳುವುದಿಲ್ಲ. ಐದನೆಯದರಲ್ಲಿ ಮಾತ್ರ ಕೇಳುತ್ತೇವೆ. ಯಾಕೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಓದಿದವರು ಇನ್ನೊಂದು ವಾದ ತರುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ತತ್ವ ಬೇರೆ, ನಿಯಮ ಬೇರೆ ಎಂದು ವಿವರಿಸಿದ್ದಾರೆ. ನಿಯಮ ಕಟ್ಟಿಹಾಕುತ್ತದೆ, ತತ್ವ ಯೋಚಿಸಿ ನಡೆಯಲು ಬಿಡುತ್ತದೆ. ಹಾಗಾದರೆ ಶೀಲವೂ ತತ್ವ, ನಾನು ಯೋಚಿಸಿ ಕುಡಿಯುತ್ತೇನೆ ಎನ್ನುತ್ತಾರೆ. ನನ್ನ ಉತ್ತರ ಇಷ್ಟೇ: ತತ್ವದಂತೆ ನಡೆಯಲು ಯೋಚಿಸುವ ಬುದ್ಧಿ ಎಚ್ಚರವಾಗಿರಬೇಕು. ಮದ್ಯ ಮೊದಲು ಕೈ ಹಾಕುವುದೇ ಆ ಬುದ್ಧಿಗೆ. ಮೊದಲ ಲೋಟ ಕುಡಿದವನು ನಾನು. ಎರಡನೆಯದು ಬೇಕೋ ಬೇಡವೋ ಎಂದು ತೀರ್ಮಾನಿಸಿದವನು ಒಂದು ಲೋಟ ಕುಡಿದ ನಾನು.

ಶೀಲದ ಪಾಳಿ ಪದಗಳಲ್ಲೇ ಇದು ಇದೆ. ಸುರಾ, ಮೇರಯ, ಮಜ್ಜ ಎಂದರೆ ಭಟ್ಟಿ, ಹುಳಿಸಿದ ಪೇಯ, ಅಮಲು ತರುವ ವಸ್ತು. ಆಮೇಲೆ ಬರುವ ಪದ *ಪಮಾದಟ್ಠಾನ*. ಪಮಾದ ಎಂದರೆ ಮೈಮರೆವು, ಎಚ್ಚರತಪ್ಪುವುದು. ಠಾನ ಎಂದರೆ ಅದು ನಿಲ್ಲುವ ಜಾಗ. ಕುಡಿದು ಬಿದ್ದಾಗ ಮಾತ್ರ ಪಮಾದ ಎಂದುಕೊಂಡಿದ್ದೆ. ನನ್ನ ಆ ಐದು ತಿಂಗಳನ್ನು ಈಗ ನೋಡಿದರೆ, ಕುಡಿಯದ ದಿನಗಳಲ್ಲೂ ನಾನು ಅದೇ ಜಾಗದಲ್ಲಿ ನಿಂತಿದ್ದೆ. ಭಾನುವಾರಕ್ಕೆ ಎಷ್ಟು ದಿನ, ಜೇಬಲ್ಲಿ ಎಷ್ಟಿದೆ, ಯಾರ ಜೊತೆ, ಮನೆಯಲ್ಲಿ ಏನು ಹೇಳುವುದು. ಪೂರ್ತಿ ಬಿಟ್ಟಾಗ ದಿನಕ್ಕೆ ಒಂದೇ ತೀರ್ಮಾನ. ಮಿತ ಎಂದಾಗ ದಿನಕ್ಕೆ ನೂರು ತೀರ್ಮಾನ, ನೂರರಲ್ಲಿ ಒಂದು ಸೋತರೆ ಸಾಕು.

*ಸಾಗತ ಥೇರರ ಪ್ರಸಂಗ*

ವಿನಯ ಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಸಾಗತ ಎಂಬ ಭಿಕ್ಖು ಒಂದು ಭಯಂಕರ ನಾಗನನ್ನು ಮಣಿಸಿದರು. ಆ ಕೀರ್ತಿ ಕೋಸಂಬಿ ನಗರಕ್ಕೆಲ್ಲ ಹಬ್ಬಿತು. ಅವರ ಮೇಲಿನ ಗೌರವದಿಂದ ಜನರು ಮನೆ ಮನೆಯಲ್ಲೂ ಒಳ್ಳೆಯ ಮದ್ಯ ಸಿದ್ಧಮಾಡಿಟ್ಟು, ಭಿಕ್ಷೆಗೆ ಬಂದಾಗ ಕೊಟ್ಟರು. ಅವರು ಪ್ರತಿ ಮನೆಯಲ್ಲೂ ಕುಡಿದರು. ಕೊನೆಗೆ ಊರ ಬಾಗಿಲಲ್ಲಿ ಬಿದ್ದರು. ಎತ್ತಿ ತಂದು ಬುದ್ಧರ ಕಡೆ ತಲೆ ಮಾಡಿ ಮಲಗಿಸಿದರೆ, ಹೊರಳಿ ಅವರ ಕಡೆಗೇ ಕಾಲು ಚಾಚಿದರು. ನಾಗನನ್ನು ಮಣಿಸಿದ ಇವನು ಈಗ ಒಂದು ನೀರುಹಾವನ್ನಾದರೂ ಮಣಿಸಬಲ್ಲನೇ ಎಂದು ಬುದ್ಧರು ಭಿಕ್ಖುಗಳನ್ನು ಕೇಳಿದರು. ಭಿಕ್ಖುಗಳು ಮದ್ಯ ಕುಡಿಯಬಾರದೆಂಬ ವಿನಯ ನಿಯಮ ಬಂದದ್ದು ಅಂದು.

ಗಮನಿಸಿ: ಕೊಟ್ಟವರು ಶತ್ರುಗಳಲ್ಲ, ಅಭಿಮಾನಿಗಳು. ಜಯಂತಿಯ ರಾತ್ರಿ ನನಗೆ ಬಿಯರ್ ಕೊಟ್ಟವರೂ ಹಾಗೆಯೇ. ಈ ಪ್ರಸಂಗದ ಇನ್ನೊಂದು ಅಂಶವನ್ನೂ ಮರೆಯಬಾರದು: ಇದೇ ಸಾಗತ ಥೇರರು ಮುಂದೆ ಸಾಧನೆ ಮಾಡಿ ಅರಹಂತರಾದರು. ಬಿದ್ದದ್ದೇ ಅವರ ಕೊನೆಯಾಗಲಿಲ್ಲ.

ಗೃಹಸ್ಥರಿಗೆ ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಕುಡಿತದ ಆರು ಹಾನಿಗಳನ್ನು ಹೇಳಿದ್ದಾರೆ: ಹಣ ಕರಗುವುದು, ಜಗಳ ಹೆಚ್ಚುವುದು, ರೋಗ, ಅಪಕೀರ್ತಿ, ಮಾನಗೇಡು, ಬುದ್ಧಿ ಕುಂದುವುದು. ಹಣದ ಲೆಕ್ಕವನ್ನೇ ನೋಡಿ. ದಿನಕ್ಕೆ 100 ರೂಪಾಯಿ ಎಂದರೆ ವರ್ಷಕ್ಕೆ 36,500. ನನ್ನ ಮಗಳ ನರ್ಸಿಂಗ್ ಫೀಸು ಈ ಲೆಕ್ಕದಿಂದಲೇ ಬಂತು.

*ಹಾಗಾದರೆ ಯಾರಿಗೂ ಸಾಧ್ಯವಿಲ್ಲವೇ?*

ಪ್ರಾಮಾಣಿಕವಾಗಿ ಹೇಳಬೇಕು. ಕುಡಿತಕ್ಕೆ ಅಷ್ಟಾಗಿ ಅಂಟಿಕೊಳ್ಳದ ಕೆಲವರು ಕಡಿಮೆ ಮಾಡಿ ಕಡಿಮೆಯಲ್ಲೇ ಉಳಿಯುವುದುಂಟು. ಆದರೆ ಬೆಳಿಗ್ಗೆ ಕೈ ನಡುಗಿದವನು, ನಡುಕ ನಿಲ್ಲಿಸಲು ಕುಡಿದವನು, ಬಿಡಲು ಆಸ್ಪತ್ರೆ ಬೇಕಾದವನು ಆ ಸಾಲಿನವನಲ್ಲ. ಡಾಕ್ಟರು ನನಗೆ ಹೇಳಿದ್ದು: ಒಂದು ವರ್ಷ ಬಿಟ್ಟರೆ ದೇಹ ಸುಧಾರಿಸುತ್ತದೆ, ಆದರೆ ಮೆದುಳು ಕಲಿತ ದಾರಿಯನ್ನು ಮರೆಯುವುದಿಲ್ಲ. ಇನ್ನು ಆರೋಗ್ಯಕ್ಕೆ ಸ್ವಲ್ಪ ಒಳ್ಳೆಯದು ಎಂಬ ಮಾತು. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ನನ್ನ ಕಸುಬಿನ ಮಾತಲ್ಲಿ ಹೇಳುತ್ತೇನೆ. ಗೇಟ್ ವಾಲ್ವ್ ಇರುವುದು ಪೂರ್ತಿ ತೆರೆಯಲು ಇಲ್ಲವೇ ಪೂರ್ತಿ ಮುಚ್ಚಲು. ಅರ್ಧ ತೆರೆದಿಟ್ಟರೆ ನೀರಿನ ರಭಸಕ್ಕೆ ಒಳಗಿನ ಗೇಟು ಸವೆಯುತ್ತದೆ. ಆಮೇಲೆ ಮುಚ್ಚಿದರೂ ಸೋರುತ್ತದೆ. ನನ್ನ ಗೇಟು ಸವೆದಿದೆ. ಇದರಲ್ಲಿ ನಾಚಿಕೆಯೇನಿಲ್ಲ, ತಿಳಿದಿರಬೇಕು ಅಷ್ಟೇ.

ತಮ್ಮಾ, ನಿನಗೆ ಹಿಡಿತ ಬಂದಿದೆ ಎಂದೆಯಲ್ಲ, ನಿಜ. ಆದರೆ ಆ ಹಿಡಿತ ಬಂದದ್ದು ಕುಡಿಯದೆ ಇದ್ದದ್ದರಿಂದ. ಅದನ್ನು ಪರೀಕ್ಷೆ ಮಾಡಲು ಕುಡಿಯಬೇಡ. ಬುದ್ಧರು ಕಾಲಾಮರಿಗೆ ಹೇಳಿದಂತೆ ನೀನೇ ಪರೀಕ್ಷಿಸಿ ತಿಳಿದುಕೋ, ಆದರೆ ನಿನ್ನ ಹಿಂದಿನ ವರ್ಷಗಳೇ ಆ ಪರೀಕ್ಷೆ. ಫಲಿತಾಂಶ ನಿನ್ನ ಮನೆಯವರ ಹತ್ತಿರ ಇದೆ, ಕೇಳು.

*ಉಪಯೋಗಕ್ಕೆ ಕೆಲವು ಮಾತು*

1. ದಿನಾ ಹೆಚ್ಚು ಕುಡಿಯುವವರು ಹಟದಿಂದ ಒಂದೇ ದಿನದಲ್ಲಿ ಮನೆಯಲ್ಲೇ ನಿಲ್ಲಿಸಬೇಡಿ. ಮೊದಲ ಕೆಲವು ದಿನ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಸಲಹೆಯಲ್ಲೇ ಬಿಡಿ.

2. ಮದುವೆ ಮನೆಯಲ್ಲಿ ಊಟ ಮುಗಿಸಿ ಬೇಗ ಹೊರಡಿ. ಕೈಯಲ್ಲಿ ಮೊದಲೇ ಮಜ್ಜಿಗೆಯೋ ಸೋಡಾವೋ ಹಿಡಿದಿರಿ. "ಬಿಟ್ಟಿದ್ದೇನೆ" ಎಂದು ಒಂದೇ ಮಾತು ಹೇಳಿ, ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ವಾದ ಶುರುವಾಗುತ್ತದೆ.

3. ಸಂಜೆ ಆರರಿಂದ ಎಂಟು ಕಷ್ಟದ ಹೊತ್ತು. ಆ ಹೊತ್ತಿಗೆ ಓದು, ವಂದನೆ, ಮಕ್ಕಳ ಪಾಠ, ಏನಾದರೂ ಇಟ್ಟುಕೊಳ್ಳಿ. ನನಗೆ ಈ ಬಳಗವೇ ಆ ಹೊತ್ತು.

4. ಜಾರಿದರೆ ಅಡಗಿಕೊಳ್ಳಬೇಡಿ, ಮಾರನೆಯ ದಿನವೇ ಬನ್ನಿ. ಶೀಲಕ್ಕೆ *ಸಿಕ್ಖಾಪದ* ಎನ್ನುತ್ತೇವೆ, ಕಲಿಕೆಯ ಹೆಜ್ಜೆ. ಪ್ರತಿ ವಂದನೆಯಲ್ಲೂ ಅದನ್ನು ಮತ್ತೆ ಸ್ವೀಕರಿಸುವುದು ಇದಕ್ಕೇ. ಉಳಿದವರು ಬಂದವರನ್ನು ಹೀಯಾಳಿಸಬೇಡಿ. "ಆ ಜನ ಕುಡುಕರು" ಎಂದು ಊರು ಅಂದದ್ದು ಸಾಕು, ನಾವೂ ಅನ್ನುವುದು ಬೇಡ.

5. ಸಹಾಯಕ್ಕೆ ಸರ್ಕಾರದ ಉಚಿತ ದೂರವಾಣಿ: ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416.

*ಇಂದಿನ ಅಭ್ಯಾಸ:* ಸಂಜೆ ಐದು ನಿಮಿಷ ಕೂತು ಕೇಳಿಕೊಳ್ಳಿ: ನಾನು ಎಚ್ಚರ ತಪ್ಪಿದಾಗ ನನ್ನ ಕೆಲಸವನ್ನು ಯಾರು ಮಾಡುತ್ತಿದ್ದಾರೆ? ಅವರ ಹೆಸರು ನೆನೆದು, ಐದನೆಯ ಶೀಲವನ್ನು ದನಿ ತಗ್ಗಿಸದೆ ಹೇಳಿ.

ತಮ್ಮಾ, ಮದುವೆಗೆ ನಾನೂ ಬರುತ್ತೇನೆ. ನಿನ್ನ ಪಕ್ಕದ ಎಲೆಗೇ ಕೂರುತ್ತೇನೆ. ಊಟ ಮುಗಿದ ಮೇಲೆ ಒಟ್ಟಿಗೆ ಹೊರಡೋಣ. ಬೆಳಿಗ್ಗೆ ಐದಕ್ಕೆ ನನಗೆ ನೀರು ಬಿಡುವ ಕೆಲಸ ಇದೆ.

ಸಬ್ಬೇ ಸತ್ತಾ ಸುಖಿ ಹೋಂತು.
ಸಾಧು, ಸಾಧು, ಸಾಧು. 🙏
ಜೈ ಭೀಮ್. ನಮೋ ಬುದ್ಧಾಯ.

_(ಬೇಕಾದವರಿಗೆ ತಲುಪಲಿ, ದಯವಿಟ್ಟು ಹಂಚಿಕೊಳ್ಳಿ)_