ಇಂದಿನ ಧಮ್ಮ ಚಿಂತನೆ: ಕೆಲಸಕ್ಕೆ ಬಾರದವರು ಯಾರು?



ಕಳೆದ ಭಾನುವಾರ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಈಗ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ವಾರ್ಡ್ ಡ್ಯೂಟಿ ಹೇಗಿದೆ ಎಂದು ಕೇಳಿದೆ. "ಮಕ್ಕಳ ವಾರ್ಡ್ ಅಂದ್ರೆ ಎಲ್ಲರೂ ಮುಂದೆ ಬರ್ತೀವಿ ಮಿಸ್. ವಯಸ್ಸಾದವರ ಕಡೆ ಹಾಕಿದ್ರೆ ಡ್ಯೂಟಿ ಬದಲಾಯಿಸಿಕೊಳ್ಳೋಕೆ ನೋಡ್ತೀವಿ. ಹೇಳಿದ್ದೇ ಹೇಳ್ತಾರೆ, ಬಟ್ಟೆ ಒದ್ದೆ ಮಾಡ್ಕೋತಾರೆ" ಎಂದಳು.

ಬುದ್ಧಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅಮ್ಮ ಮೂರನೇ ಸಲ ಅದೇ ಪ್ರಶ್ನೆ ಕೇಳಿದರು. "ಆಗಲೇ ಹೇಳಿದೆನಲ್ಲಮ್ಮ, ಸುಮ್ನಿರು" ಎಂದು ಗದರಿದೆ. ಹುಡುಗಿ ತಲೆ ತಗ್ಗಿಸಿದಳು. ನಾನು ಬುದ್ಧಿ ಹೇಳಲಿಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿ 'ಏಜಿಸಂ' ಎನ್ನುತ್ತಾರೆ, ವಯಸ್ಸಿನ ತಾರತಮ್ಯ. 1969ರಲ್ಲಿ ಈ ಪದ ಕೊಟ್ಟವರು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್. ವರ್ಣಭೇದದಂತೆ ಇದೂ ಒಂದು ಪೂರ್ವಗ್ರಹ ಎಂದರು. ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ಈ ಮನೋಭಾವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳ ಮನೋಭಾವ ಅಳೆಯಲು 1961ರಲ್ಲಿ ನೇಥನ್ ಕೋಗನ್ ರೂಪಿಸಿದ ಪ್ರಶ್ನಾವಳಿಯನ್ನು ಇಂದಿಗೂ ಬಳಸುತ್ತಾರೆ. ವಯಸ್ಸಾದವರೆಲ್ಲ ಒಂದೇ ಥರ ಎಂಬ ಮಾತನ್ನು ನೀವು ಒಪ್ಪುತ್ತೀರಾ ಎಂಬುದೂ ಅದರಲ್ಲಿದೆ. "ಆ ಜನರೆಲ್ಲ ಹಾಗೇ" ಎಂಬ ಮಾತು ನಮಗೆ ಹೊಸದಲ್ಲ. ನಮ್ಮ ಕೇರಿಯ ಬಗ್ಗೆ ತಲತಲಾಂತರದಿಂದ ಕೇಳಿದ್ದೇವೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭೇದಿಯಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಖುವೊಬ್ಬನನ್ನು ಭಗವಾನ್ ಬುದ್ಧರು ಕಂಡರು. ಯಾರೂ ಏಕೆ ನೋಡಿಕೊಳ್ಳುತ್ತಿಲ್ಲ ಎಂದು ಕೇಳಿದಾಗ, ತನ್ನಿಂದ ಇತರ ಭಿಕ್ಖುಗಳಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಎಂದನಂತೆ. ಆನಂದರು ನೀರು ತಂದರು. ಬುದ್ಧರು ನೀರು ಹಾಕಿದರು, ಆನಂದರು ತೊಳೆದರು. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದರು ಹಿಡಿದು ಮಂಚದ ಮೇಲೆ ಮಲಗಿಸಿದರು. ಒಳ್ಳೆಯ ಶುಶ್ರೂಷಕರ ಐದು ಗುಣಗಳನ್ನೂ ಅಲ್ಲೇ ಹೇಳಿದ್ದಾರೆ: ಔಷಧ ಸಿದ್ಧಪಡಿಸಬಲ್ಲವರು, ಯಾವುದು ಒಗ್ಗುತ್ತದೆ ಯಾವುದು ಒಗ್ಗದು ಎಂದು ತಿಳಿದವರು, ಲಾಭಕ್ಕಲ್ಲದೆ ಮೈತ್ರಿಯಿಂದ ಮಾಡುವವರು, ಮಲ ಮೂತ್ರ ಉಗುಳು ವಾಂತಿಗೆ ಹೇಸದವರು, ಸಮಯ ಬಂದಾಗ ಧಮ್ಮದ ಮಾತಿನಿಂದ ರೋಗಿಯ ಮನಸ್ಸಿಗೆ ಧೈರ್ಯ ತುಂಬುವವರು.

ಇವುಗಳಲ್ಲಿ ಎರಡು ವಿದ್ಯೆಗೆ ಸೇರಿದವು, ಕಾಲೇಜು ಕಲಿಸುತ್ತದೆ. ಉಳಿದ ಮೂರು ಮನೆಯಲ್ಲೇ ಶುರುವಾಗಬೇಕು.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇನ್ನೊಂದು ಪ್ರಶ್ನೆ ಎತ್ತಿದ್ದಾರೆ. ಮುದುಕನನ್ನು, ರೋಗಿಯನ್ನು, ಶವವನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಅವರು ಒಪ್ಪಲಿಲ್ಲ. 29 ವರ್ಷದವರೆಗೆ ಇವರನ್ನು ನೋಡದೇ ಇರಲು ಹೇಗೆ ಸಾಧ್ಯ ಎಂದರು. ನಾನು ಇದರಿಂದ ಕಲಿತದ್ದು ಇಷ್ಟು: ಮುಪ್ಪು ಕಂಡು ಬೆಚ್ಚುವ ದೃಶ್ಯವಲ್ಲ. ಅದು ನಮ್ಮ ನಡುಮನೆಯಲ್ಲೇ ಕುಳಿತಿದೆ. ನಾವು ನೋಡುತ್ತಿಲ್ಲ, ಅಷ್ಟೇ.

ನಮ್ಮಮ್ಮನಿಗೆ ಊರಿನಲ್ಲಿ ಬೊಗಸೆಗೆ ಮೇಲಿಂದ ನೀರು ಹೊಯ್ಯುತ್ತಿದ್ದರು, ಕೈ ತಾಕಬಾರದೆಂದು. ಈಗ ಆ ಕೈ ನಡುಗುತ್ತದೆ. ಅವರು ಕೊಟ್ಟ ಲೋಟವನ್ನು ನನ್ನ ಮಗ ಒರೆಸಿಕೊಂಡು ಕುಡಿಯುತ್ತಾನೆ. ಇಷ್ಟು ದಿನ ನಾನು ನೋಡಿಯೂ ಸುಮ್ಮನಿದ್ದೆ.

ಇಂದಿನ ಅಭ್ಯಾಸ:
1. ಮನೆಯ ಹಿರಿಯರು ಹೇಳಿದ್ದನ್ನೇ ಹೇಳಿದರೆ ಪೂರ್ತಿ ಕೇಳಿ, ಉತ್ತರ ಕೊಡಿ.
2. ಡಾಕ್ಟರ್ ಬಳಿ ಅವರ ಪರವಾಗಿ ನೀವೇ ಮಾತಾಡಬೇಡಿ. ಮೊದಲು ಅವರು ಹೇಳಲಿ.
3. ಒಮ್ಮೆ ಅವರ ಕೈ ಹಿಡಿದು ಕುಳಿತುಕೊಳ್ಳಿ.

ನಿಮ್ಮ ಅನುಭವವನ್ನು ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳಿ. ಆ ಹುಡುಗಿಯನ್ನೂ ಕರೆದಿದ್ದೇನೆ. ಅಮ್ಮನೂ ಬರುತ್ತಾರೆ.

ಜೈ ಭೀಮ್, ನಮೋ ಬುದ್ಧಾಯ.