ನರಸಮ್ಮನವರ ಎರಡು ಕೆಲಸ

ಅಕ್ಕಂದಿರೇ, ಇವತ್ತು ಒಂದೇ ಒಂದು ಪದದಿಂದ ಶುರು ಮಾಡೋಣ.

ಸೂಲಗಿತ್ತಿ

ಮೊದಲ ಅಕ್ಷರಕ್ಕೆ ದೀರ್ಘ ಇದೆ. ಕೊನೆಯಲ್ಲಿ ಒತ್ತಕ್ಷರ ಇದೆ. ನಿಧಾನವಾಗಿ ಓದಿ. ಸೂಲು ಎಂದರೆ ಹೆರಿಗೆ. ಹೂವು ಮಾರುವವಳು ಹೂವಾಡಗಿತ್ತಿ. ಮದುವೆಯ ಹೆಣ್ಣು ಮದುವಣಗಿತ್ತಿ. ಹಾಗೆಯೇ ಹೆರಿಗೆ ಮಾಡಿಸುವವಳು ಸೂಲಗಿತ್ತಿ. ನಿಮ್ಮಲ್ಲಿ ಹಿರಿಯರು ಕೆಲವರು ಸೂಲಗಿತ್ತಿಯ ಕೈಯಲ್ಲೇ ಹುಟ್ಟಿರಬೇಕು.

ಈ ಪದ ಯಾಕೆ ಬಂತು, ಹೇಳುತ್ತೇವೆ. ಹೋದ ವಾರ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆಯಲೇ ಇಲ್ಲ. ಬರೀ ಮಾತೇ ಆಯಿತು. ಒಬ್ಬ ಅಕ್ಕ ಮಗಳ ವಿಷಯ ತೆಗೆದರು. ಹುಡುಗಿ ಪಿಯುಸಿ ಪಾಸಾಗಿದ್ದಾಳೆ. ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ 12,000 ರೂಪಾಯಿ. ಆದರೆ ಅವಳಿಗೆ ನರ್ಸ್ ಆಗಬೇಕು. ಅಜ್ಜಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಇದ್ದಾಗ ಹತ್ತು ದಿನ ಇವಳೇ ಜೊತೆಗಿದ್ದಳು. ನರ್ಸಮ್ಮಂದಿರ ಕೆಲಸ ನೋಡಿದಳು. ಅವತ್ತಿಂದ ಅದೇ ಜಪ.

"ಮನಸ್ಸಿಗೆ ಹಿಡಿಸಿದ ಕೆಲಸ ಅಂತೆ! ಮನಸ್ಸಿಗೆ ಹಿಡಿಸಿದ್ರೆ ಹೊಟ್ಟೆ ತುಂಬುತ್ತಾ ಟೀಚರ್?" ಎಂದು ಆ ಅಕ್ಕ ಕೇಳಿದರು.

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿದೆವು. ಆಗ ನೆನಪಾದವರು ಸೂಲಗಿತ್ತಿ ನರಸಮ್ಮ.

ನರಸಮ್ಮನವರು ಹುಟ್ಟಿದ್ದು 1920ರಲ್ಲಿ. ಊರು ತುಮಕೂರು ಜಿಲ್ಲೆ, ಪಾವಗಡ ತಾಲ್ಲೂಕಿನ ಕೃಷ್ಣಾಪುರ. ಅದು ಮಳೆ ಕಡಿಮೆ ಇರುವ ಸೀಮೆ. ನಮಗೆ ಇರುವ ಹಾಗೆ ಭದ್ರಾ ಹೊಳೆ, ಚಾನೆಲ್ ನೀರು ಅಲ್ಲಿಲ್ಲ. ಅವರು ಶಾಲೆಗೆ ಹೋದವರಲ್ಲ. ಹನ್ನೆರಡನೇ ವಯಸ್ಸಿಗೇ ಮದುವೆಯಾಯಿತು. ಅವರ ಅಜ್ಜಿ ಮರಿಗೆಮ್ಮ ಸೂಲಗಿತ್ತಿ. ಅಜ್ಜಿಯ ಜೊತೆ ಇದ್ದು ನೋಡಿ ನೋಡಿ ಮೊಮ್ಮಗಳು ಕಲಿತಳು. 1940ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಬಂಧುವೊಬ್ಬರ ಹೆರಿಗೆಗೆ ಕೈ ಹಾಕಿದರು. ಆ ಕೈ ಆಮೇಲೆ ನಿಲ್ಲಲಿಲ್ಲ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಅಷ್ಟು ಮಕ್ಕಳು ಒಟ್ಟಿಗೆ ಬಂದು ನಿಂತರೆ ಒಂದು ಪೇಟೆಯೇ ತುಂಬುತ್ತದೆ!

ಅವರು ಇದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಇಷ್ಟು ಕಥೆ ಎಲ್ಲರೂ ಹೇಳುತ್ತಾರೆ. ಆ ಅಕ್ಕ ಕೇಳಿದ ಪ್ರಶ್ನೆ ಹಾಗೇ ಉಳಿಯಿತು. ಹೊಟ್ಟೆಗೇನು? ನರಸಮ್ಮ ಕೂಲಿ ಮಾಡುತ್ತಿದ್ದರು. ಹೊಲದ ಕೂಲಿ. ಕೂಲಿ ಹೊಟ್ಟೆ ಹೊರೆಯಿತು. ಹೆರಿಗೆ ಕೆಲಸ ಮನಸ್ಸು ತುಂಬಿತು. ಅವರು ದುಡ್ಡು ಬಿಟ್ಟು ಮನಸ್ಸಿನ ಕೆಲಸ ಹಿಡಿದವರಲ್ಲ. ಒಂದೇ ಮೈಯಲ್ಲಿ ಎರಡೂ ಹೊತ್ತವರು.

ನಮಗೆ ನರಸಮ್ಮನವರ ಮೇಲೆ ಬಹಳ ಗೌರವ ಇದೆ. ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. "ಸೇವೆ ಮಾಡಮ್ಮ, ದುಡ್ಡು ಯಾಕೆ?" ಎಂದು ಹೆಂಗಸರಿಗೇ ಹೆಚ್ಚು ಹೇಳುತ್ತಾರೆ. ಗಮನಿಸಿದ್ದೀರಾ? 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಚಳಿಯಲ್ಲಿ ಧರಣಿ ಕೂತರು. ಗೌರವಧನ ಸರಿಯಾಗಿ ಕೊಡಿ ಎಂದು ಕೇಳಿದರು. ಅವರಿಗೇನು ಕೆಲಸದ ಮೇಲೆ ಪ್ರೀತಿ ಇಲ್ಲವೇ? ಪ್ರೀತಿಯ ಕೆಲಸಕ್ಕೂ ಸಂಬಳ ಕೇಳಬಹುದು. ಕೇಳಲೇಬೇಕು.

ಇನ್ನೊಂದು ವಿಷಯ, ಮರೆಯಬೇಡಿ. ಇದು ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಎಂಬ ಪಾಠ ಅಲ್ಲ. ರಕ್ತ ಹೆಚ್ಚು ಹೋದರೆ ಅನುಭವದ ಕೈ ಒಂದೇ ಸಾಲದು. ಔಷಧ ಬೇಕು, ರಕ್ತ ಬೇಕು, ಡಾಕ್ಟರು ಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಅಲ್ಲಿ ಆ ಹುಡುಗಿಯಂಥವರು ನರ್ಸ್ ಆಗಿ ನಿಂತಿರಲಿ.

ಈಗ ಲೆಕ್ಕ. ಸ್ಲೇಟು ತೆಗೆಯಿರಿ. ಪಿಯುಸಿ ಆದ ಮೇಲೆ ಜಿಎನ್ಎಂ ಎಂಬ ನರ್ಸಿಂಗ್ ಓದು 3 ವರ್ಷ. ಅಂದರೆ 36 ತಿಂಗಳು. ಅಂಗಡಿ ಕೆಲಸ ಬಿಟ್ಟರೆ ತಿಂಗಳಿಗೆ 12,000ದಂತೆ ಎಷ್ಟು ಹೋಗುತ್ತದೆ? 4,32,000 ರೂಪಾಯಿ. ಮೇಲೆ ಓದಿನ ಖರ್ಚು ಬೇರೆ. ಕಡಿಮೆ ದುಡ್ಡಲ್ಲ! ಓದು ಮುಗಿದ ಮೇಲೆ ಕೈಯಲ್ಲಿ ಒಂದು ಕಸುಬು ಇರುತ್ತದೆ, ನಿಜ. ಆದರೆ ಈ ಮೂರು ವರ್ಷ ಮನೆ ಯಾರು ನಡೆಸಬೇಕು? ಅವ್ವ. ಸುಗ್ಗಿ ಬಂದರೆ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಬೇಕು. ಚೊಗರಿಗೆ ಬೆರಳು ಕಪ್ಪಾಗುತ್ತವೆ. ಆ ಕಪ್ಪು ಬೆರಳಿನಲ್ಲೇ ನಮ್ಮ ಆ ಅಕ್ಕ ಬಳಪ ಹಿಡಿಯುವುದು.

ಮಗಳ ಆಸೆಯ ಖರ್ಚು ಅವ್ವನ ಸೊಂಟದ ಮೇಲೆ ಬೀಳುತ್ತದೆ. ಅದಕ್ಕೇ "ಓದಿಸಿ" ಎಂದು ಸುಲಭವಾಗಿ ಹೇಳಲು ನಮಗೆ ಬಾಯಿ ಬರಲಿಲ್ಲ. ಮಗಳನ್ನೂ ಕರೆದು ಕೂರಿಸಿ, ಈ ಲೆಕ್ಕವನ್ನು ಅವಳ ಮುಂದೆಯೇ ಮಾಡಿ ಎಂದೆವು. ಸಂಘದ ಸಾಲ ಎಷ್ಟು ಸಿಗುತ್ತದೆ, ಸರ್ಕಾರಿ ಸೀಟು ಸಿಕ್ಕರೆ ಎಷ್ಟು ಉಳಿಯುತ್ತದೆ, ವಿದ್ಯಾರ್ಥಿವೇತನ ಇದೆಯೇ? ಕೇಳಿ ಬರೆದುಕೊಳ್ಳಲಿ. ರಜೆಯಲ್ಲಿ ತಾನೂ ದುಡಿಯುತ್ತಾಳೋ ಕೇಳಿ.

ಆಮೇಲೆ ನಾವು ಎಲ್ಲರನ್ನೂ ಒಂದು ಮಾತು ಕೇಳಿದೆವು. "ನಿಮಗೆ ಯಾವ ಕೆಲಸ ಮಾಡಬೇಕು ಅಂತ ಆಸೆ ಇತ್ತು?" ಯಾರೂ ಮಾತಾಡಲಿಲ್ಲ. "ನಮ್ಮನ್ನ ಯಾರು ಕೇಳಿದ್ರು ಬಿಡಿ" ಎಂದು ಒಬ್ಬರು ನಕ್ಕರು. ಕೊನೆಗೆ ಆ ಅಕ್ಕನೇ ತಲೆ ತಗ್ಗಿಸಿ ಹೇಳಿದರು. "ನಂಗೆ ಬಸ್ ಓಡಿಸ್ಬೇಕು ಅಂತಿತ್ತು ಕಣ್ರೀ. ಭದ್ರಾವತಿ ಬಸ್ಸು." ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕರು. ಮಗಳಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದೆವು. ಇಲ್ಲ ಎಂದರು.

ಓದಿ, ಬರೆಯಿರಿ:
ಸೂಲಗಿತ್ತಿ, ಹೂವಾಡಗಿತ್ತಿ, ಮದುವಣಗಿತ್ತಿ, ಕಸುಬು, ಸಂಬಳ.

ಮಾತಾಡಿ:
ಆ ಅಕ್ಕನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಒಂದು ಸಾಲು ಬರೆಯಿರಿ:
ನನಗೆ ____________ ಕೆಲಸ ಮಾಡಬೇಕು ಅಂತ ಆಸೆ ಇತ್ತು.