ವಿರಾಮದ ದಿನದ ಕೂಲಿ

ನಮ್ಮ ನಾಡಿನ ಹಲವು ಹಳ್ಳಿಗಳಲ್ಲಿ ಸೋಮವಾರದಂದು ಎತ್ತುಗಳ ಹೆಗಲ ಮೇಲೆ ನೊಗವನ್ನಿಡುವುದಿಲ್ಲ. ಅದು ಬಸವಣ್ಣನ ವಾರ. ಉಳಿದ ದಿನಗಳಲ್ಲಿ ಹೊಲವನ್ನು ಉತ್ತ ಎತ್ತುಗಳು ಅಂದು ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತವೆ. ಅಂದು ಉಳಲಿಲ್ಲವೆಂಬ ಕಾರಣಕ್ಕೆ ಯಾವ ರೈತನೂ ಅವುಗಳ ಮುಂದಿನ ಮೇವನ್ನು ತೆಗೆದುಬಿಡುವುದಿಲ್ಲ. ಮೇವಿಲ್ಲದ ವಿಶ್ರಾಂತಿಯು ವಿಶ್ರಾಂತಿಯಲ್ಲ, ಉಪವಾಸ ಎಂಬುದನ್ನು ಅವನು ಬಲ್ಲನು. ಹಾಗಾದರೆ ಮನುಷ್ಯನ ವಿಷಯದಲ್ಲಿ ನ್ಯಾಯವೇನು? ಸಂಬಳಕ್ಕಾಗಿ ದುಡಿಯುವವನಿಗೆ ರಜೆಯನ್ನೂ ಆ ರಜೆಯ ದಿನದ ಸಂಬಳವನ್ನೂ ಕೊಡುವುದು ಮಾಲೀಕನ ಕೃಪೆಯೋ, ಕರ್ತವ್ಯವೋ?

ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. 19ನೆಯ ಶತಮಾನದಲ್ಲಿ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಬೆಳಗಿನಿಂದ ಕತ್ತಲಾಗುವವರೆಗೆ ಯಂತ್ರಗಳ ಮುಂದೆ ನಿಂತು ದುಡಿಯುತ್ತಿದ್ದರು. ಅವರಿಗೆ ವಾರಕ್ಕೊಂದು ದಿನದ ಬಿಡುವೂ ನಿಶ್ಚಿತವಾಗಿರಲಿಲ್ಲ. ಮಹಾತ್ಮಾ ಜ್ಯೋತಿರಾವ್ ಫುಲೆಯವರ ಸಹಚರರಾದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರನ್ನು ಒಟ್ಟುಗೂಡಿಸಿ, ವಾರಕ್ಕೊಂದು ರಜೆ ಬೇಕೆಂಬ ಬೇಡಿಕೆಯನ್ನು ಮುಂದಿಟ್ಟರು. ಸತತ ಹೋರಾಟದ ಫಲವಾಗಿ 1890ರ ಜೂನ್ 10ರಂದು ಗಿರಣಿಗಳ ಒಡೆಯರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷ, ಎಂದರೆ 1891ರಲ್ಲಿ, ಕಾರ್ಖಾನೆಗಳ ಕಾನೂನು ವಾರದ ರಜೆಗೆ ಮನ್ನಣೆ ನೀಡಿತು.

ಆದರೆ ಈ ಗೆಲುವು ಅರ್ಧ ಗೆಲುವು ಮಾತ್ರವಾಗಿತ್ತು. ದಿನಗೂಲಿಯವನಿಗೆ ಕೆಲಸವಿಲ್ಲದ ದಿನವೆಂದರೆ ಕೂಲಿಯಿಲ್ಲದ ದಿನ. ಮೈಯಲ್ಲಿ ಜ್ವರವಿದ್ದರೂ, ಮನೆಯಲ್ಲಿ ಮಗು ಮಲಗಿದ್ದರೂ ಆತನು ಕಾರ್ಖಾನೆಯ ಬಾಗಿಲಿಗೆ ಬರಲೇಬೇಕಾಗಿತ್ತು. ಬಾರದಿದ್ದರೆ ಅಂದಿನ ಒಲೆ ಉರಿಯುವಂತಿರಲಿಲ್ಲ. ಹೀಗಾಗಿ ರಜೆಯ ಹಕ್ಕು ಕಾಗದದ ಮೇಲಿದ್ದರೂ, ಅದನ್ನು ಅನುಭವಿಸುವ ಶಕ್ತಿ ಬಡವನಿಗಿರಲಿಲ್ಲ.

1936ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಜಿನೀವಾದಲ್ಲಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಒಂದು ವರ್ಷ ಸತತವಾಗಿ ದುಡಿದವನಿಗೆ ಕನಿಷ್ಠ ಆರು ಕೆಲಸದ ದಿನಗಳ ವೇತನಸಹಿತ ರಜೆ ಸಿಗಬೇಕೆಂಬುದು ಅದರ ಸಾರ. ಅದೇ ವರ್ಷ ಫ್ರಾನ್ಸ್ ದೇಶವು ತನ್ನ ಕಾರ್ಮಿಕರಿಗೆ ಎರಡು ವಾರಗಳ ಇಂತಹ ರಜೆಯನ್ನು ಕಾನೂನಿನ ಮೂಲಕ ನೀಡಿತು. ಭಾರತದಲ್ಲಿ 1945ರ ತಿದ್ದುಪಡಿಯು ಕಾರ್ಖಾನೆಯ ಕಾರ್ಮಿಕರಿಗೆ ವರ್ಷಕ್ಕೆ ಹತ್ತು ದಿನಗಳ ವೇತನಸಹಿತ ರಜೆಯನ್ನು ತಂದುಕೊಟ್ಟಿತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಅಧಿನಿಯಮವು, ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನಗಳ ಕೆಲಸಕ್ಕೆ ಒಂದು ದಿನದಂತೆ ರಜೆಯನ್ನು ಗೊತ್ತುಪಡಿಸಿತು.

ಇಲ್ಲಿ ಮಾಲೀಕರ ಮಾತನ್ನೂ ಕೇಳಬೇಕು. "ಮಾಡದ ಕೆಲಸಕ್ಕೆ ನಾವೇಕೆ ಹಣ ಕೊಡಬೇಕು? ಇಬ್ಬರು ಮೂವರು ಕೆಲಸಗಾರರನ್ನಿಟ್ಟುಕೊಂಡ ಸಣ್ಣ ವ್ಯಾಪಾರಿಯು ಈ ಹೊರೆಯನ್ನು ಹೇಗೆ ಹೊತ್ತಾನು?" ಎಂದು ಅವರು ಕೇಳುತ್ತಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಂತಹ ರಜೆಗೆ 'ಗಳಿಕೆ ರಜೆ' ಎಂಬ ಹೆಸರಿರುವುದನ್ನು ಗಮನಿಸಿರಿ. 240 ದಿನ ದುಡಿದವನು 12 ದಿನಗಳ ರಜೆಯನ್ನು ಗಳಿಸುತ್ತಾನೆ. ಆ 12 ದಿನಗಳ ವೇತನವು ಸೋಮಾರಿತನಕ್ಕೆ ಕೊಟ್ಟ ಬಹುಮಾನವಲ್ಲ. ಹಿಂದೆ ಸುರಿಸಿದ ಬೆವರಿನಲ್ಲಿ ಉಳಿದಿದ್ದ ಬಾಕಿ. ಇನ್ನು ಸ್ಪರ್ಧೆಯ ಮಾತು. ಒಬ್ಬ ಮಾಲೀಕನು ರಜೆ ಕೊಟ್ಟು, ಪಕ್ಕದವನು ಕೊಡದಿದ್ದರೆ, ಕೊಟ್ಟವನೇ ನಷ್ಟಕ್ಕೊಳಗಾದಾನು. ಕಾನೂನು ಎಲ್ಲರಿಗೂ ಒಂದೇ ಅಳತೆಗೋಲನ್ನು ಹಿಡಿದಾಗ ಒಳ್ಳೆಯವನು ತನ್ನ ಒಳ್ಳೆಯತನಕ್ಕೆ ದಂಡ ತೆರಬೇಕಾಗುವುದಿಲ್ಲ.

ಈ ಚಿಂತನೆಯು ಕಾರ್ಖಾನೆಗಳಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೌಕರರಿಗಾಗಿ ನಮ್ಮ ರಾಜ್ಯವು 1961ರಲ್ಲಿ ರೂಪಿಸಿದ ಕಾನೂನು, ವಾರ್ಷಿಕ ರಜೆಯ ಜೊತೆಗೆ ಕಾಯಿಲೆ ಅಥವಾ ಅಪಘಾತದ ಸಂದರ್ಭಕ್ಕೆಂದು ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆಯನ್ನು ಒದಗಿಸಿತು. ಅದೇ ವರ್ಷ ಸಂಸತ್ತು ಹೆರಿಗೆ ಸೌಲಭ್ಯದ ಕಾನೂನನ್ನು ಮಾಡಿತು. ಅದರ 12 ವಾರಗಳ ರಜೆಯು 2017ರಲ್ಲಿ, ಮೊದಲ ಎರಡು ಹೆರಿಗೆಗಳಿಗೆ, 26 ವಾರಗಳಿಗೆ ಏರಿತು. 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು, ವಾರ್ಷಿಕ ರಜೆಗೆ ಬೇಕಾದ 240 ದಿನಗಳ ಅವಧಿಯನ್ನು 180 ದಿನಗಳಿಗೆ ಇಳಿಸಿತು. ವರ್ಷದ ನಡುವೆ ಕೆಲಸಕ್ಕೆ ಸೇರಿದವನಿಗೆ ಇದರಿಂದ ಅನುಕೂಲವುಂಟು.

ಇಷ್ಟಾದರೂ ಕೆಲಸ ಮುಗಿದಿಲ್ಲ. ಹೊಲಗಳಲ್ಲಿ ದುಡಿಯುವ ಕೂಲಿಗಳು, ಮನೆಮನೆಗೆ ಹೋಗಿ ಪಾತ್ರೆ ತೊಳೆಯುವ ಹೆಣ್ಣುಮಕ್ಕಳು, ಇಂದು ಇಲ್ಲಿ ನಾಳೆ ಅಲ್ಲಿ ಎಂದು ಕಲ್ಲುಮಣ್ಣು ಹೊರುವವರು ಮೊದಲಾದ ಅಸಂಖ್ಯಾತ ಶ್ರಮಜೀವಿಗಳಿಗೆ ಸಂಬಳದ ರಜೆಯೆಂಬುದು ಇನ್ನೂ ಕನಸು. ದುಡಿಯುವವರಿಗೆ ಜೀವನಯೋಗ್ಯ ವೇತನದೊಡನೆ ಬಿಡುವಿನ ಪೂರ್ಣ ಸುಖವೂ ದೊರೆಯುವಂತೆ ಪ್ರಭುತ್ವವು ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 43ನೆಯ ಅನುಚ್ಛೇದವು ನಿರ್ದೇಶಿಸುತ್ತದೆ. ಈ ನಿರ್ದೇಶನವು ಸರ್ಕಾರವನ್ನು ಕುರಿತದ್ದಾದರೂ, ಅದರ ಆಶಯವು ಪ್ರತಿಯೊಂದು ಮನೆಗೂ ಸಲ್ಲುತ್ತದೆ. ನಮ್ಮ ಮನೆಯ ಕೆಲಸದಾಕೆಯು ಜ್ವರದಿಂದ ಎರಡು ದಿನ ಬಾರದಿದ್ದಾಗ ಆಕೆಯ ಸಂಬಳವನ್ನು ಮುರಿದುಕೊಳ್ಳಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ನ್ಯಾಯಾಧೀಶರಲ್ಲ, ನಾವೇ. ದುಡಿಮೆಯನ್ನು ಗೌರವಿಸುತ್ತೇವೆಂದು ಹೇಳುವ ಸಮಾಜವು ದುಡಿದು ದಣಿದವರ ವಿಶ್ರಾಂತಿಯನ್ನೂ ಗೌರವಿಸಬೇಕು.